ತೆಗೆಯಬೇಡಿ ಎಂಬ ಸಾಲು

"ಈ ಟೆಂಪ್ ಅಂದ್ರೆ ಯಾರು?"

ಬೇಯಿಸಿದ ಆಲೂಗಡ್ಡೆಯ ಬೋಗುಣಿಯನ್ನು ಊಟದ ಮೇಜಿನ ಮೇಲಿಡುತ್ತ ಟೈಪಿಸ್ಟಮ್ಮ ಮಗಳನ್ನು ಕೇಳಿದಳು.

"ಯಾವ ಟೆಂಪ್?"

"ನಿನ್ನ ಪ್ರೋಗ್ರಾಮಿನಲ್ಲಿ ನೀನೇ ಇಟ್ಟ ಹೆಸರು. ಟೆಂಪ್ ಇದೆ, ಟೆಂಪ್-ಎರಡು ಇದೆ, ಹೊಸ-ಟೆಂಪ್-ಎರಡು ಇದೆ. ಇನ್ನೂರು ಸಾಲು ದಾಟಿದ ಮೇಲೆ ನಿಜವಾದ-ಟೆಂಪ್ ಅಂತ ಒಬ್ಬ ಬರ್ತಾನೆ. ಹಾಗಾದ್ರೆ ಮೊದಲು ಬಂದ ಮೂವರೂ ಸುಳ್ಳಾ?"

ಗಂಡ ನಕ್ಕು ನೀರು ನೆತ್ತಿಗೇರಿಸಿಕೊಂಡ. ಅಜ್ಜಿ ಮಗನ ಬೆನ್ನು ತಟ್ಟಿದಳು. ಮಗಳು ಮಾತ್ರ ನಗಲಿಲ್ಲ. ಚಮಚವನ್ನು ತಟ್ಟೆಗೆ ಸದ್ದಾಗುವಂತೆ ಇಟ್ಟಳು.

"ಅಮ್ಮಾ, ನನ್ನ ಕೋಡನ್ನ ನಿನ್ನ ಕೈಗೆ ಕೊಟ್ಟಿದ್ದು ಯಾರು?"

ಕೊಟ್ಟವರು ಆಂಬ್ಯುಲೆನ್ಸ್ ಕೇಂದ್ರದ ಸಾಫ್ಟ್‌ವೇರ್ ವಿಭಾಗದ ಮೇಡಂ. ಟೈಪಿಸ್ಟಮ್ಮ ಆ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಟೈಪಿಸ್ಟ್ ಆಗಿದ್ದವಳು. ಅಲ್ಲಿ ಬಿದ್ದ ಹೆಸರು ಬೀದಿಯವರ ಬಾಯಲ್ಲೂ ನಿಂತುಬಿಟ್ಟಿತ್ತು. ಎರಡು ವರ್ಷದ ಹಿಂದೆ ಟೈಪಿಂಗ್ ವಿಭಾಗವನ್ನೇ ಮುಚ್ಚಿ, ಮನೆಗೆ ಹೋಗಿ, ಇಲ್ಲವೇ ಬೇರೆ ಕೆಲಸ ಕಲಿಯಿರಿ ಎಂದರು. ಜೊತೆಯ ನಾಲ್ವರು ಮನೆಗೆ ಹೋದರು. ಐವತ್ತೊಂದು ದಾಟಿದ್ದ ಈಕೆ ಸಂಜೆ ತರಗತಿಗೆ ಸೇರಿ ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಮನೆಯಲ್ಲಿ ಪಾಠ ಹೇಳಿಕೊಟ್ಟವಳು ಮಗಳೇ. ಅಮ್ಮನ ತಪ್ಪುಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳೂ ಅವಳೇ. ಕೊನೆಗೆ ಟೈಪಿಸ್ಟಮ್ಮ ಪರೀಕ್ಷೆ ಪಾಸಾಗಿ, ಅದೇ ಕೇಂದ್ರದ ಮೂರು ಕುರ್ಚಿಯ ಸಾಫ್ಟ್‌ವೇರ್ ವಿಭಾಗದಲ್ಲಿ ಮೂರನೇ ಕುರ್ಚಿಗೆ ಬಂದು ಕೂತಳು.

ಆ ವಿಭಾಗದ ದೊಡ್ಡ ಪ್ರೋಗ್ರಾಮನ್ನು ಆರು ವರ್ಷದ ಹಿಂದೆ ಬರೆದವಳು ಮಗಳು. ಆಗ ಅವಳಿಗೆ ಇಪ್ಪತ್ತನಾಲ್ಕು. ಯಾರಾದರೂ ಫೋನ್ ಮಾಡಿ ವಿಳಾಸ ಹೇಳಿದರೆ, ಹತ್ತಿರದಲ್ಲಿ ಖಾಲಿ ಇರುವ ಗಾಡಿಗಳ ಪಟ್ಟಿಯನ್ನು ತೆರೆಯ ಮೇಲೆ ತೋರಿಸುವುದು ಅದರ ಕೆಲಸ. ನಾಲ್ಕೇ ತಿಂಗಳಲ್ಲಿ, ಒಬ್ಬಳೇ ಬರೆದು ಮುಗಿಸಿದ್ದಳು. ಆಮೇಲೆ ಊರಿನಲ್ಲೇ ಬೇರೆ ಕಂಪನಿ ಸೇರಿದಳು. ಕೇಂದ್ರದವರು ಇವತ್ತಿಗೂ "ಆ ಹುಡುಗಿ" ಎಂದು ಬಾಯಿತುಂಬ ಹೊಗಳುತ್ತಿದ್ದರು. ಟೈಪಿಸ್ಟಮ್ಮನೂ ಆ ಹೊಗಳಿಕೆ ಕೇಳಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಊಟದ ಹೊತ್ತಿಗೆ ಬಿಚ್ಚುತ್ತಿದ್ದಳು. ಈಗ ಅದೇ ಪ್ರೋಗ್ರಾಮಿನ ಒಳಗೆ ಕಣ್ಣು ಹಾಕುವ ಸರದಿ ಬಂದಿತ್ತು.

"ಪಕ್ಕದ ಎರಡು ಊರು ನಮ್ಮ ಕೇಂದ್ರಕ್ಕೆ ಸೇರ್ತಿವೆ. ಗಾಡಿ ಮೂವತ್ತಿದ್ದದ್ದು ತೊಂಬತ್ತಾಗುತ್ತೆ. ಹಾಗೆ ಸೇರಿಸಿ ನೋಡಿದ್ರೆ ಪಟ್ಟಿ ಬರೋಕೆ ಮೂವತ್ತಾರು ಸೆಕೆಂಡ್" ಎಂದಳು ಟೈಪಿಸ್ಟಮ್ಮ. "ಎಂಟು ವಾರದಲ್ಲಿ ಅದು ಒಂದು ಸೆಕೆಂಡಿನ ಒಳಗೆ ಬರಬೇಕು. ಇಲ್ಲಾಂದ್ರೆ ಹೊರಗಿನವರ ಪ್ರೋಗ್ರಾಮ್ ತರ್ತಾರೆ. ನಮ್ಮ ವಿಭಾಗಕ್ಕೂ ಬೀಗ."

"ಮೂವತ್ತಾರು ಸೆಕೆಂಡಾ?" ಅಜ್ಜಿಯ ಕೈ ಬಾಯಿಯ ಹತ್ತಿರವೇ ನಿಂತಿತು. ಮೂವತ್ತೈದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದ ಜೀವ. "ಉಸಿರು ಸಿಕ್ಕಿಹಾಕ್ಕೊಂಡವನಿಗೆ ಅದು ಎಷ್ಟು ದೊಡ್ಡ ಹೊತ್ತು ಗೊತ್ತಾ?"

"ಮೂವತ್ತು ಗಾಡಿಗೆ ಆರೇ ಸೆಕೆಂಡ್ ಇತ್ತು ಅಜ್ಜಿ. ನಂಗೆ ಹೇಳಿದ್ದೂ ಮೂವತ್ತು ಗಾಡಿ ಅಂತಲೇ" ಎಂದಳು ಮಗಳು. ಆಮೇಲೆ ಅಮ್ಮನ ಕಡೆ ತಿರುಗಿದಳು. "ನೀನು ಕೋಡ್ ಕಲಿತು ಇನ್ನೂ ವರ್ಷ ಆಗಿಲ್ಲ. ಅದರಲ್ಲಿ ಕೈ ಹಾಕ್ಬೇಡ. ಒಂದು ಕಡೆ ಮುಟ್ಟಿದ್ರೆ ಇನ್ನೊಂದು ಕಡೆ ಮುರಿಯುತ್ತೆ."

"ಅದನ್ನೇ ಹೇಳ್ತಿರೋದು ನಾನೂ. ಒಂದು ಕಡೆ ಮುಟ್ಟಿದ್ರೆ ಇನ್ನೊಂದು ಕಡೆ ಯಾಕೆ ಮುರೀಬೇಕು?"

ಮಗಳು ಎದ್ದು ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು.

ಮಾರನೇ ದಿನದಿಂದ ಮನೆಯ ಲಯ ಬದಲಾಯಿತು. ಟೈಪಿಸ್ಟಮ್ಮ ಬೆಳಿಗ್ಗೆ ಐದೂವರೆಗೆ ಎದ್ದು ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಅಡುಗೆ ಗಂಡನ ಪಾಲಿಗೆ ಬಂತು. ಬಸ್ ವರ್ಕ್‌ಶಾಪಿನ ಮೆಕ್ಯಾನಿಕ್ ಅವನು. ಮೊಟ್ಟೆಯನ್ನೂ ಬೋಲ್ಟಿನಂತೆ ಬಿಗಿಯಾಗುವವರೆಗೆ ಬೇಯಿಸುತ್ತಿದ್ದ. ಬಟ್ಟೆ ಮಡಿಸುವ ಕೆಲಸ ಅಜ್ಜಿ ತಗೊಂಡಳು. ಮಗಳು ಯಾರ ಹತ್ತಿರವೂ ಜಾಸ್ತಿ ಮಾತಾಡದೆ ತನ್ನ ಪಾಲಿನ ಪಾತ್ರೆ ತೊಳೆದು ಕೆಲಸಕ್ಕೆ ಹೋಗುತ್ತಿದ್ದಳು.

ಟೈಪಿಸ್ಟಮ್ಮನಿಗೆ ಮಾತ್ರ ಹಬ್ಬ ಬಂದಂತಾಗಿತ್ತು. ಪ್ರೋಗ್ರಾಮಿನೊಳಗೆ ಒಂಬೈನೂರು ಸಾಲಿನ ಒಂದೇ ತುಂಡು, ಕೋಡಿನ ಭಾಷೆಯಲ್ಲಿ ಫಂಕ್ಷನ್. ವಿಳಾಸ ಓದುವುದು, ರಸ್ತೆ ಹುಡುಕುವುದು, ದೂರ ಲೆಕ್ಕ ಹಾಕುವುದು, ಪಟ್ಟಿ ಜೋಡಿಸುವುದು ಎಲ್ಲ ಅದರೊಳಗೇ, ಬಿಚ್ಚಿದ ಹಾಸಿಗೆಯ ಹತ್ತಿಯ ಹಾಗೆ. ಮೊದಲು ಹಳೆಯ ನಾನೂರು ಕರೆಗಳನ್ನು ದಾಖಲೆಯಿಂದ ತೆಗೆದು ಅವುಗಳ ಉತ್ತರ ಬರೆದಿಟ್ಟುಕೊಂಡಳು. ಒಂದು ತುಂಡು ಬೇರೆ ಮಾಡುವುದು, ಅದು ಏನು ಮಾಡುತ್ತದೋ ಆ ಹೆಸರನ್ನೇ ಅದಕ್ಕಿಡುವುದು, ನಾನೂರು ಕರೆಗಳನ್ನೂ ಓಡಿಸಿ ಉತ್ತರ ಅದೇ ಬರುತ್ತದೆಯೇ ಎಂದು ನೋಡುವುದು. ಬಂದರೆ ಮುಂದಿನ ತುಂಡು. ಟೆಂಪ್ ಎಂಬುವವನು "ಕರೆಯ ಸ್ಥಳ" ಆದ. ಟೆಂಪ್-ಎರಡು "ಗಾಡಿಯ ಸ್ಥಳ" ಆಯಿತು. ಹೊಸ-ಟೆಂಪ್-ಎರಡು ಎಲ್ಲಿಯೂ ಬಳಕೆಯಾಗದೆ ಆರು ವರ್ಷ ಸುಮ್ಮನೆ ಕೂತಿದ್ದದ್ದು ಗೊತ್ತಾಗಿ, ಅದನ್ನು ಅಳಿಸಿದ ದಿನ ಕುರ್ಚಿಯಲ್ಲೇ ಕುಣಿದಳು.

"ಇವತ್ತು ಅರವತ್ತು ಸಾಲು ಕಡಿಮೆ ಮಾಡಿದೆ ರೀ!"

"ಕಡಿಮೆ ಮಾಡಿದ್ದಕ್ಕೂ ಸಂಬಳ ಕೊಡ್ತಾರಾ?" ಎಂದ ಗಂಡ.

"ಅದಕ್ಕೇ ಜಾಸ್ತಿ ಕೊಡಬೇಕು."

ಮೂರನೇ ವಾರ ಅವಳ ಕಣ್ಣು ದೂರ ಲೆಕ್ಕ ಹಾಕುವ ಭಾಗದ ಮೇಲೆ ಬಿತ್ತು. ಲೆಕ್ಕ ಅಂದಮೇಲೆ ಅಲ್ಲೇ ತಡ ಆಗುತ್ತಿರಬೇಕು. ಒಂದು ವಾರ ಪೂರ್ತಿ ಅದನ್ನು ತಿದ್ದಿ ತೀಡಿದಳು. ಶುಕ್ರವಾರ ಓಡಿಸಿದರೆ ಮೂವತ್ತಾರು ಇದ್ದದ್ದು ಮೂವತ್ತೈದೂವರೆ.

ಅವತ್ತು ಸಂಜೆ ಮುಖ ಊದಿಸಿಕೊಂಡು ಬಂದಳು. ಗಂಡ ಸೂಪಿಗೆ ಕ್ಯಾರೆಟ್ ಹೆಚ್ಚುತ್ತಿದ್ದ.

"ತಡ ಅಲ್ಲೇ ಆಗ್ತಿದೆ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಂಗೇ ಅನ್ನಿಸ್ತು."

"ಅನ್ನಿಸ್ತಾ?" ಚಾಕು ಕೆಳಗಿಟ್ಟ. "ಬಸ್ಸು ಗಡಗಡ ಅಂತ ಬಂದ್ರೆ ನಾವು ಮೊದಲು ಕಿವಿ ಕೊಟ್ಟು ಸದ್ದು ಎಲ್ಲಿಂದ ಅಂತ ನೋಡ್ತೀವಿ. ಅನ್ನಿಸಿದ ಕಡೆಯೆಲ್ಲ ಬಿಚ್ಚಿದ್ರೆ ನಮ್ಮ ಮೇಸ್ತ್ರಿ ನಮ್ಮನ್ನೇ ಬಿಚ್ಚಿ ಇಡ್ತಾನೆ."

ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮೊದಲ ಬಾರಿಗೆ ಬಾಯಿಬಿಟ್ಟಳು. "ಅಳೆದು ನೋಡಮ್ಮಾ. ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತೆ ಅಂತ ತೋರಿಸೋ ಸಾಧನ ನಿನ್ನ ಹತ್ರಾನೇ ಇದೆ. ನಾನು ಕಲಿಸಿದ್ದೆ." ಅಷ್ಟು ಹೇಳಿ ಒಳಗೆ ಹೋದಳು.

ಸೋಮವಾರ ಅಳೆದಳು. ಅಳತೆಯ ಪಟ್ಟಿ ತೆರೆಯ ಮೇಲೆ ಬಂದಾಗ ಎರಡು ಸಲ ಕಣ್ಣು ಒರೆಸಿಕೊಂಡು ನೋಡಿದಳು. ಮೂವತ್ತೈದೂವರೆ ಸೆಕೆಂಡಿನಲ್ಲಿ ಮೂವತ್ತಮೂರು ಸೆಕೆಂಡನ್ನು ಒಂದೇ ಸಾಲು ನುಂಗುತ್ತಿತ್ತು. ಊರಿನ ರಸ್ತೆಗಳ ಕಡತವನ್ನು ಓದುವ ಸಾಲು. ಅದು ಗಾಡಿಗಳನ್ನು ಒಂದೊಂದಾಗಿ ಸುತ್ತುವ ಲೂಪಿನ, ಅಂದರೆ ಕುಣಿಕೆಯ, ಒಳಗೆ ಕೂತಿತ್ತು. ಒಂದೊಂದು ಗಾಡಿಗೂ ಇಡೀ ಊರಿನ ರಸ್ತೆಗಳನ್ನೆಲ್ಲ ಮೊದಲಿನಿಂದ ಓದುವುದು, ಮರೆಯುವುದು, ಮತ್ತೆ ಮುಂದಿನ ಗಾಡಿಗೆ ಓದುವುದು. ಗಾಡಿ ಮೂರು ಪಟ್ಟಾಯಿತು, ರಸ್ತೆಯೂ ಮೂರು ಪಟ್ಟಾಯಿತು, ಓದುವ ಹೊತ್ತು ಒಂಬತ್ತು ಪಟ್ಟಾಗಿ ಕೂತಿತು.

ಆ ಸಾಲನ್ನು ಕುಣಿಕೆಯಿಂದ ಹೊರಗೆ ತಂದಳು. ಪ್ರೋಗ್ರಾಮ್ ಶುರುವಾದಾಗ ಒಂದೇ ಸಲ ಓದಿ ನೆನಪಿನಲ್ಲಿಟ್ಟುಕೊಳ್ಳಲಿ. ಆಮೇಲೆ ಊರನ್ನು ಚೌಕಗಳಾಗಿ ವಿಂಗಡಿಸಿದಳು, ಕರೆ ಬಂದ ಚೌಕ ಮತ್ತು ಅದರ ಸುತ್ತಲಿನ ಚೌಕಗಳಲ್ಲಿ ಮೊದಲು ಹುಡುಕುವಂತೆ, ಸಾಲದಿದ್ದರೆ ಮುಂದಿನ ಸುತ್ತಿಗೆ ಹೋಗುವಂತೆ. ಗುರುವಾರ ಮಧ್ಯಾಹ್ನ ಓಡಿಸಿದರೆ ಎರಡು ಸೆಕೆಂಡು, ಮೇಲೊಂದು ಚೂರು. ನಾನೂರು ಕರೆಗೂ ಉತ್ತರ ಸರಿ.

"ಮೇಡಂ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ಕರೆ ಕೊಠಡಿಯವರೂ ಇಣುಕಿ ನೋಡಿದರು.

ಉಳಿದದ್ದು ಆ ಎರಡು ಸೆಕೆಂಡು. ಅದು ಎಲ್ಲಿದೆ ಎಂದು ಹುಡುಕುವುದೇ ಬೇಕಿರಲಿಲ್ಲ. ಪಟ್ಟಿ ಮಾಡುವ ಮೊದಲು ಒಂದು ಸಾಲು, "ಎರಡು ಸೆಕೆಂಡ್ ಕಾಯಿ." ಅದರ ಪಕ್ಕದಲ್ಲಿ ಮಗಳ ಟಿಪ್ಪಣಿ, "ತೆಗೆಯಬೇಡಿ!!!" ಇಡೀ ಪ್ರೋಗ್ರಾಮಿನಲ್ಲಿ ಅವಳು ಬರೆದಿದ್ದ ಟಿಪ್ಪಣಿ ಅದೊಂದೇ.

"ಅದು ಯಾಕೆ ಹಾಕಿದ್ದು?" ಆ ಸಂಜೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಕೇಳಿದಳು.

ಮಗಳು ಬ್ರೆಡ್ಡಿನ ಅಂಚು ಮುರಿದಳು. ಕಿವಿ ಕೆಂಪಾಯಿತು. "ನೆನಪಿಲ್ಲ."

"ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೀಯ."

"ನೆನಪಿಲ್ಲ ಅಂದ್ನಲ್ಲಮ್ಮಾ! ಆರು ವರ್ಷ ಆಯ್ತು. ಏನೋ ಕಾರಣ ಇತ್ತು."

ಅಜ್ಜಿ ಲೋಟ ಕೆಳಗಿಟ್ಟಳು. "ನಮ್ಮ ವಾರ್ಡಲ್ಲಿ ಹೊಸ ಹುಡುಗಿ ಒಬ್ಬಳು ಡ್ಯೂಟಿ ಬಿಟ್ಟು ಹೋಗೋವಾಗ ಚೀಟಿಯಲ್ಲಿ 'ಏಳನೇ ಮಂಚಕ್ಕೆ ನೀರು ಕೊಡಬೇಡಿ' ಅಂತ ಬರೆದು ಹೋಗಿದ್ದಳು. ಯಾಕೆ ಅಂತ ಇಲ್ಲ. ಮುಂದಿನ ಪಾಳಿಯವಳಿಗೆ ಏನು ಗೊತ್ತು? ಆಪರೇಷನ್‌ಗೆ ಅಂತ ಖಾಲಿ ಹೊಟ್ಟೆಯಲ್ಲಿ ಇಟ್ಟಿದ್ರಾ, ವಾಂತಿ ಆಗ್ತಿತ್ತಾ? ಆ ಮುದುಕ ಬಾಯಾರಿಕೆ ಅಂತ ಇಡೀ ದಿನ ಅತ್ತ. ಅವನ ಆಪರೇಷನ್ ಹಿಂದಿನ ದಿನವೇ ಮುಂದಕ್ಕೆ ಹೋಗಿತ್ತು."

"ಅಜ್ಜೀ, ನೀವೂ ಶುರು ಮಾಡಬೇಡಿ."

"ನಾನು ಶುರು ಮಾಡಿ ಐವತ್ತು ವರ್ಷ ಆಯ್ತು ಮಗಾ."

ಕಾರಣ ಗೊತ್ತಿಲ್ಲದ ಸಾಲನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಆರನೇ ವಾರದ ಮಂಗಳವಾರ ಪ್ರಯೋಗದ ಕಂಪ್ಯೂಟರಿನಲ್ಲಿ ಟೈಪಿಸ್ಟಮ್ಮ ಅದನ್ನು ತೆಗೆದೇಬಿಟ್ಟಳು. ಪಟ್ಟಿ ಕಾಲು ಸೆಕೆಂಡಿನಲ್ಲಿ ಬಂತು. ನಾನೂರು ಕರೆಗೂ ಉತ್ತರ ಸರಿ. ಮನೆಗೆ ಕೇಕ್ ತಂದಳು. ಗಂಡ ಎರಡು ತುಂಡು ತಿಂದ, ಅಜ್ಜಿ ಸಕ್ಕರೆ ಕಾಯಿಲೆ ಮರೆತು ಒಂದು ತಿಂದಳು. ಮಗಳು ಅರ್ಧ ತುಂಡು ತಿಂದು, "ಒಳ್ಳೇದಾಯ್ತು" ಎಂದಳು.

ಬುಧವಾರ ಬೆಳಿಗ್ಗೆ ಆ ಸಂಭ್ರಮ ಮುಗಿಯಿತು. ಬೀದಿಯಲ್ಲಿ ಓಡುತ್ತಿದ್ದ ನಿಜವಾದ ಗಾಡಿಗಳ ಮಾಹಿತಿಯನ್ನು ಪ್ರಯೋಗದ ಕಂಪ್ಯೂಟರಿಗೂ ಕೊಟ್ಟು ನೋಡುತ್ತಿದ್ದರು. ಕರೆ ಕೊಠಡಿಯ ಹಿರಿಯ ಆಪರೇಟರ್ ತೆರೆಯ ಮೇಲೆ ಬೆರಳಿಟ್ಟರು.

"ಇಪ್ಪತ್ತೆರಡನೇ ಗಾಡಿ ಖಾಲಿ ಅಂತಿದೆ ನಿಮ್ಮ ಪಟ್ಟಿ. ಅದರಲ್ಲಿ ಈಗಷ್ಟೇ ರೋಗಿಯನ್ನ ಮಲಗಿಸಿದ್ದಾರೆ. ಡ್ರೈವರ್ ಜೊತೆ ನಾನೇ ಮಾತಾಡಿದೆ."

ಇದು ಪ್ರಯೋಗವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನಾನೂರು ಹಳೆಯ ಕರೆಗಳಲ್ಲಿ ಉತ್ತರ ಸರಿ ಬಂದಿದ್ದು, ಅವು ಹಳೆಯವಾಗಿ, ಗಾಡಿಗಳ ಮಾಹಿತಿಯೆಲ್ಲ ಮೊದಲೇ ಸೇರಿಕೊಂಡಿದ್ದರಿಂದ. ಓಡುವ ಗಾಡಿಯ ವಿಷಯವೇ ಬೇರೆ. ಟೈಪಿಸ್ಟಮ್ಮ ಅಂಗಳಕ್ಕೆ ಬಂದು ಮಗಳಿಗೆ ಫೋನ್ ಮಾಡಿದಳು.

"ಆ ಸಾಲು ತೆಗೆದೆ. ರೋಗಿ ಇರೋ ಗಾಡಿಯನ್ನ ಖಾಲಿ ಅಂತ ತೋರಿಸ್ತಿದೆ."

ಮಗಳ ಧ್ವನಿ ಬೇರೆಯಾಯಿತು. "ಅಯ್ಯೋ. ಏಳನೇ ಗಾಡಿ. ಅಮ್ಮಾ, ನೆನಪಾಯ್ತು! ಇರು, ಬರ್ತೀನಿ."

"ನಿನ್ನ ಆಫೀಸು?"

"ರಜೆ ಹಾಕ್ತೀನಿ. ನೀನು ಯಾವುದನ್ನೂ ಮುಟ್ಟಬೇಡ. ಅಲ್ಲ, ಮುಟ್ಟು, ಪರವಾಗಿಲ್ಲ. ಬರ್ತೀನಿ!"

ಮುಕ್ಕಾಲು ಗಂಟೆಯಲ್ಲಿ ಕೇಂದ್ರದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಬಂದಳು. ಆರು ವರ್ಷದ ಮೇಲೆ ಅಲ್ಲಿಗೆ ಕಾಲಿಟ್ಟಿದ್ದು. ಅಮ್ಮನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಕೋಟೂ ಬಿಚ್ಚದೆ ಹೇಳತೊಡಗಿದಳು.

"ಗಾಡಿಯಿಂದ ಎರಡು ಸಂದೇಶ ಬರ್ತವೆ. ಎಲ್ಲಿದ್ದೀನಿ ಅನ್ನೋದು ಮೊದಲು. ಖಾಲಿಯೋ ಅಲ್ಲವೋ ಅನ್ನೋದು ಆಮೇಲೆ. ನಡುವೆ ಒಂದು, ಒಂದೂವರೆ ಸೆಕೆಂಡು. ನಾನು ಬರೆದ ಮೊದಲ ತಿಂಗಳು ಏಳನೇ ಗಾಡಿ ರೋಗಿ ಇಟ್ಕೊಂಡು ಹೊರಟಿತ್ತು, ಅದಕ್ಕೇ ಇನ್ನೊಂದು ಕರೆ ಕೊಟ್ಟುಬಿಟ್ವಿ. ಡ್ರೈವರ್ ರೇಡಿಯೋದಲ್ಲಿ ಬೈದದ್ದು ಇಡೀ ಕೊಠಡಿಗೆ ಕೇಳಿಸ್ತು. ಎರಡು ಸೆಕೆಂಡ್ ಕಾಯಿ ಅಂತ ಹಾಕಿ, ತೆಗೆಯಬೇಡಿ ಅಂತ ಬರೆದು ಮನೆಗೆ ಬಂದು ಮಲಗಿಬಿಟ್ಟೆ. ಸರಿಯಾಗಿ ಮಾಡೋಣ ಅಂದುಕೊಂಡೆ, ಆಗಲೇ ಇಲ್ಲ."

"ಅಷ್ಟನ್ನೇ ಬರೆದಿಟ್ಟಿದ್ರೆ ಸಾಕಿತ್ತಲ್ಲೇ."

"ನಾಚಿಕೆ ಆಗಿತ್ತಮ್ಮಾ." ಮಗಳು ಕೀಲಿಮಣೆಯನ್ನು ನೋಡುತ್ತ ಹೇಳಿದಳು. "ಎಲ್ಲರೂ ಹೊಗಳ್ತಿದ್ರು. ನೀನಂತೂ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ."

ಮಗಳ ಕೋಟಿನ ಕಾಲರು ಒಳಗೆ ಮಡಿಸಿಕೊಂಡಿತ್ತು, ಟೈಪಿಸ್ಟಮ್ಮ ಅದನ್ನು ಎಳೆದು ಸರಿಮಾಡಿದಳು.

"ಆ ಎರಡು ಸಂದೇಶದ ಮೇಲೆ ಸಂಖ್ಯೆ ಇರುತ್ತಾ?"

"ಇರುತ್ತೆ. ಎರಡಕ್ಕೂ ಒಂದೇ ಕ್ರಮಸಂಖ್ಯೆ. ಯಾಕೆ?"

"ನಾನು ಟೈಪ್ ಮಾಡ್ತಿದ್ದಾಗ ಪತ್ರಕ್ಕೂ ಅದರ ಅಡಕಕ್ಕೂ ಒಂದೇ ಸಂಖ್ಯೆ ಹಾಕ್ತಿದ್ವಿ. ಟಪಾಲಿನವನು ಅಡಕ ಬಂದಿಲ್ಲ ಅಂತ ಬಾಗಿಲಲ್ಲಿ ಕಾಯ್ತಾ ನಿಲ್ತಿರಲಿಲ್ಲ. ಎರಡರ ಸಂಖ್ಯೆಯೂ ಹೊಂದಿದ ಲಕೋಟೆಗಳನ್ನ ಕಳಿಸ್ತಿದ್ದ. ಹೊಂದದ್ದು ಮೇಜಿನ ಮೇಲೇ."

ಮಗಳು ಅಮ್ಮನ ಮುಖವನ್ನು ನೋಡಿದಳು. "ಕಾಯೋದೇ ಬೇಡ. ಸಂಖ್ಯೆ ಹೊಂದಿದ ಗಾಡಿ ಮಾತ್ರ ಪಟ್ಟಿಗೆ. ಹೊಂದದ್ದು ಮುಂದಿನ ಸಲ. ಅಮ್ಮಾ! ಸರಿ ಸರಿ, ಜರುಗು, ನಾನು ಬರೀತೀನಿ."

"ನೀನು ಜರುಗು. ನಾನು ಬರೀತೀನಿ. ನೀನು ಹೇಳು."

ನಿಮಿಷಕ್ಕೆ ಎಂಬತ್ತು ಪದ ಟೈಪ್ ಮಾಡಿದ್ದ ಬೆರಳುಗಳು ಅವು. ಮಗಳು ಹೇಳುವುದಕ್ಕೂ ಮೊದಲೇ ಸಾಲು ತೆರೆಯ ಮೇಲೆ ಇರುತ್ತಿತ್ತು. ಇಬ್ಬರೂ ಜಗಳವಾಡಿಕೊಂಡೇ ಬರೆದರು, ಆ ಹೆಸರು ಉದ್ದವಾಯಿತು, ಈ ತುಂಡು ಇನ್ನೂ ಎರಡು ಕೆಲಸ ಮಾಡುತ್ತಿದೆ, ಟೆಸ್ಟ್ ಮೊದಲು ಬರೆ, ಆಮೇಲೆ ಮಿಕ್ಕಿದ್ದು ಎಂದು. ಮೇಡಂ ಎರಡು ಸಲ ಚಹಾ ಕಳಿಸಿದರು. ಎರಡೂ ಆರಿಹೋದವು. ಸಂದೇಶಗಳು ತಡವಾಗಿ, ಹಿಂದುಮುಂದಾಗಿ ಬಂದರೆ ಏನಾಗಬೇಕು ಎಂಬುದಕ್ಕೇ ಹನ್ನೊಂದು ಟೆಸ್ಟ್ ಬರೆದರು. ನಾಲ್ಕು ಗಂಟೆಗೆ ಹನ್ನೊಂದೂ ಪಾಸಾಗಿ ತೆರೆಯ ಮೇಲೆ ಹಸಿರಾದವು.

ಆಮೇಲೆ ಮಗಳು ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು, ಮುಂದೆ ಈ ಪ್ರೋಗ್ರಾಮ್ ನೋಡಿಕೊಳ್ಳುವವರಿಗೆಂದು ಅಮ್ಮ ಬರೆಯುತ್ತಿದ್ದ ಕೈಪಿಡಿಯಲ್ಲಿ ಒಂದು ಪುಟ ಸೇರಿಸಿದಳು. ಏಳನೇ ಗಾಡಿಯ ಕಥೆ, ಎರಡು ಸೆಕೆಂಡಿನ ಕಥೆ, ಅದು ಯಾಕೆ ತಪ್ಪು ಪರಿಹಾರವಾಗಿತ್ತು ಎಂಬುದು. ಕೊನೆಯಲ್ಲಿ ತನ್ನ ಹೆಸರನ್ನು ಬರೆದಳು.

ಎಂಟನೇ ವಾರ ಕೇಂದ್ರದ ಅಧಿಕಾರಿಗಳ ಎದುರು ಪರೀಕ್ಷೆ. ತೊಂಬತ್ತು ಗಾಡಿ, ಮೂರು ಊರಿನ ರಸ್ತೆ. ಹಿರಿಯ ಆಪರೇಟರ್ ವಿಳಾಸ ಬರೆದು ಗುಂಡಿ ಒತ್ತಿ, ಅಭ್ಯಾಸಬಲದಿಂದ ಚಹಾದ ಲೋಟಕ್ಕೆ ಕೈ ಹಾಕಿದರು. ಲೋಟ ಮೇಲೆತ್ತುವಷ್ಟರಲ್ಲಿ ಪಟ್ಟಿ ಬಂದು ಕೂತಿತ್ತು.

"ಇನ್ನು ನಾವು ಚಹಾ ಯಾವಾಗ ಕುಡಿಯೋದು?" ಎಂದರು. ಎಲ್ಲರೂ ನಕ್ಕರು. ಹೊರಗಿನವರ ಪ್ರೋಗ್ರಾಮಿನ ಕಡತವನ್ನು ಅಧಿಕಾರಿ ತೆರೆಯಲೇ ಇಲ್ಲ.

ಮನೆಯಲ್ಲಿ ಗಂಡ ಅಡುಗೆಯನ್ನು ವಾಪಸ್ ಕೊಡುತ್ತಾನೇನೋ ಎಂದು ಟೈಪಿಸ್ಟಮ್ಮ ಕಾದಳು. ಅವನು ಕೊಡಲಿಲ್ಲ. ಸೂಪು ಕೈಗೆ ಹತ್ತಿದೆ, ಈಗ ಬಿಡೋದಿಲ್ಲ ಅಂದ. ಅಜ್ಜಿ ಅಮ್ಮ ಮಗಳಿಬ್ಬರನ್ನೂ ಕೂರಿಸಿಕೊಂಡು ಕೈಪಿಡಿಯನ್ನು ಗಟ್ಟಿಯಾಗಿ ಓದಿಸಿದಳು. ಅರ್ಥವಾಗದ ಕಡೆಯೆಲ್ಲ ಕೈ ಎತ್ತಿದಳು. ಆ ಹದಿನೇಳು ಕಡೆಯೂ ಮತ್ತೆ ಬರೆಯಬೇಕಾಯಿತು.

ಊರುಗಳು ಸೇರಿ ಎರಡು ವಾರಕ್ಕೆ, ಪಕ್ಕದ ಊರಿನಿಂದ ಒಬ್ಬ ಹೆಂಗಸು ವರ್ಗವಾಗಿ ಬಂದಳು. ನಲವತ್ತು ವರ್ಷದವಳು, ಮಾತು ಕಡಿಮೆ. ಮೇಡಂ ಅವಳಿಗೆ ಕೈಪಿಡಿಯ ಪ್ರತಿ ಕೊಟ್ಟು ಒಂದು ಕೆಲಸ ಹೇಳಿದರು. ಅವಳ ಊರಿನ ಹಳೆಯ ಸೇತುವೆಯಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ವಾಹನ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಪ್ರೋಗ್ರಾಮ್ ಸೇತುವೆಯ ದಾರಿಯನ್ನು ಲೆಕ್ಕಕ್ಕೆ ತಗೊಳ್ಳಬಾರದು.

ಟೈಪಿಸ್ಟಮ್ಮ ತನ್ನ ಕೆಲಸವನ್ನೆಲ್ಲ ಬದಿಗಿಟ್ಟು ಸಿದ್ಧಳಾಗಿ ಕೂತಳು. ಈಗ ಕೇಳುತ್ತಾಳೆ, ಇನ್ನೇನು ಕೇಳುತ್ತಾಳೆ. ಹತ್ತು ಗಂಟೆಗೆ ಅವಳು ತಲೆ ಎತ್ತಿದಳು. ಟೈಪಿಸ್ಟಮ್ಮ ಕುರ್ಚಿ ತಿರುಗಿಸಿದಳು. ಅವಳು ಕಿಟಕಿ ತೆರೆದು ಮತ್ತೆ ಕೂತಳು. ಹನ್ನೆರಡಕ್ಕೆ ಪುಟ ತಿರುವುವ ಸದ್ದು. ಊಟದ ಹೊತ್ತಿನಲ್ಲಿ ಮಕ್ಕಳ ಶಾಲೆ, ಬಸ್ಸಿನ ನೂಕುನುಗ್ಗಲು ಎಲ್ಲ ಮಾತಾಡಿದರು. ಕೋಡಿನ ಸುದ್ದಿ ಒಂದೂ ಇಲ್ಲ. ಟೈಪಿಸ್ಟಮ್ಮನಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಗೊತ್ತಾಗದಿದ್ರೆ ಕೇಳಿ, ಸಂಕೋಚ ಬೇಡ."

"ಇಲ್ಲ, ಎಲ್ಲ ಬರೆದಿದೆಯಲ್ಲ" ಎಂದಳು ಅವಳು.

ಮೂರೂವರೆಗೆ ಎದ್ದು ಬಂದಳು. "ಮುಗೀತು. ನಾಲ್ಕು ಟೆಸ್ಟ್ ಸೇರಿಸಿದ್ದೀನಿ, ಹಳೆಯವೂ ಎಲ್ಲ ಪಾಸಾಗಿವೆ. ಯಾಕೆ ಹೀಗೆ ಮಾಡಿದೆ ಅಂತ ಕೈಪಿಡಿಯಲ್ಲಿ ಬರೆದಿದ್ದೀನಿ. ಒಮ್ಮೆ ನೋಡ್ತೀರಾ?"

ಟೈಪಿಸ್ಟಮ್ಮ ನೋಡಿದಳು. ಸಾಲು ಸಾಲಾಗಿ ನೋಡಿದಳು. ತಿದ್ದಬೇಕಾದದ್ದು ಒಂದು ಅಲ್ಪವಿರಾಮವೂ ಸಿಗಲಿಲ್ಲ. ಫೋನ್ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಆಂಬ್ಯುಲೆನ್ಸೊಂದು ಅವಳ ಪಕ್ಕದಲ್ಲೇ ದೀಪ ಹೊತ್ತಿಸಿಕೊಂಡು ಗೇಟು ದಾಟಿತು.

"ಏನಮ್ಮಾ, ಏನಾಯ್ತು?" ಮಗಳ ಧ್ವನಿಯಲ್ಲಿ ಗಾಬರಿ.

"ಹೊಸಬಳು ಬಂದಿದ್ದಾಳೆ ಕಣೇ. ಬೆಳಿಗ್ಗೆಯಿಂದ ಕೆಲಸ ಮಾಡಿದ್ಲು, ಮುಗಿಸೂ ಬಿಟ್ಲು."

"ಸರಿ. ಏನು ಕೇಳಿದ್ಲು?"

"ಏನೂ ಕೇಳಲಿಲ್ಲ!" ಸೈರನ್ನಿನ ಸದ್ದನ್ನು ಮೀರಿ ಟೈಪಿಸ್ಟಮ್ಮ ಕೂಗಿದಳು. "ನಂಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ!"